ಒಂದು ಹನಿ ಮದ್ಯ, ಕೂದಲೆಳೆಯಷ್ಟು ಕಾಲುವೆ: ಬಾಟಲಿಯೊಳಗಿನ ವಿಷವನ್ನು ಪುಟ್ಟ ಚಿಪ್ ಹೇಗೆ ಹಿಡಿಯುತ್ತದೆ?

2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ ಕಳ್ಳಭಟ್ಟಿ ಕುಡಿದು 60ಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ನವೆಂಬರ್‌ನಲ್ಲಿ ಲಾವೋಸ್ ದೇಶದ ವಾಂಗ್ ವಿಯೆಂಗ್ ಎಂಬ ಊರಿನಲ್ಲಿ ಆರು ಮಂದಿ ವಿದೇಶಿ ಪ್ರವಾಸಿಗರು ಜೀವ ಕಳೆದುಕೊಂಡರು. 2025ರ ಮೇ ತಿಂಗಳಲ್ಲಿ ಪಂಜಾಬಿನ ಮಜೀಠಾ ಸುತ್ತಲಿನ ಹಳ್ಳಿಗಳಲ್ಲಿ 20ಕ್ಕೂ ಹೆಚ್ಚು ಜನ ಹೋದರು. ಮೂರೂ ಕಡೆ ಕೇಳಿಬಂದ ಹೆಸರು ಒಂದೇ, ಮೆಥನಾಲ್.

ಇಂಥ ಸುದ್ದಿ ಬಂದಾಗಲೆಲ್ಲ ದಾವಣಗೆರೆಯ ಮಂಡಕ್ಕಿ ಅಂಗಡಿಯಲ್ಲಾಗಲಿ, ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಾಗಲಿ ಒಂದೇ ಪ್ರಶ್ನೆ ಏಳುತ್ತದೆ. "ಅಲ್ಲಣ್ಣ, ಕುಡಿಯೋಕೆ ಮುಂಚೆ ಗೊತ್ತಾಗೋ ಹಂಗೆ ಏನೂ ಇಲ್ವಾ?" ಸಕ್ಕರೆ ಕಾಯಿಲೆಗೆ ಮನೆಯಲ್ಲೇ ಚುಚ್ಚಿ ನೋಡುವ ಸ್ಟ್ರಿಪ್ ಇದೆ, ಗರ್ಭ ತಿಳಿಯಲು ಕಿಟ್ ಇದೆ, ಕೋವಿಡ್‌ಗೂ ಬಂತು. ಮದ್ಯಕ್ಕೆ ಯಾಕಿಲ್ಲ?

ಪ್ರಯೋಗಾಲಯಗಳಲ್ಲಿ ಇದಕ್ಕೆ ಉತ್ತರ ತಯಾರಾಗುತ್ತಿದೆ. ಅದರ ಹೆಸರು ಮೈಕ್ರೋಫ್ಲೂಯಿಡಿಕ್ ಚಿಪ್. ಹೆಸರು ದೊಡ್ಡದು, ಸಾಮಾನು ಬೆರಳಿನಷ್ಟು. ಅದು ಹೇಗೆ ಕೆಲಸ ಮಾಡುತ್ತದೆ, ಏನು ಹೇಳಬಲ್ಲದು, ಏನು ಹೇಳಲಾರದು ಅನ್ನುವುದನ್ನು ಬುಡದಿಂದ ನೋಡೋಣ.

ಒಂದು ನಶೆ, ಇನ್ನೊಂದು ವಿಷ

ಮದ್ಯದಲ್ಲಿ ಇರಬೇಕಾದದ್ದು ಎಥನಾಲ್. ಕಾಕಂಬಿ, ಬೆಲ್ಲ, ದ್ರಾಕ್ಷಿ, ಯಾವುದನ್ನು ಯೀಸ್ಟ್ ಹಾಕಿ ಕೊಳೆಯಿಟ್ಟರೂ ಮುಖ್ಯವಾಗಿ ಹುಟ್ಟುವುದು ಇದೇ. ನಮ್ಮ ಜಿಲ್ಲೆಯ ಮೆಕ್ಕೆಜೋಳದಿಂದಲೂ ಬರುತ್ತದೆ. ಆದರೆ ಕಾಳಿನಲ್ಲಿರುವ ಪಿಷ್ಟವನ್ನು ಮೊದಲು ಸಕ್ಕರೆ ಮಾಡಿಕೊಳ್ಳಬೇಕು, ಅಷ್ಟೆ.

ಮೆಥನಾಲ್ ಇದರ ದಾಯಾದಿ. ಎಥನಾಲ್ ಅಣುವಿನಲ್ಲಿ ಎರಡು ಕಾರ್ಬನ್ ಇದ್ದರೆ ಇದರಲ್ಲಿ ಒಂದೇ ಒಂದು. ಕಾರ್ಖಾನೆಗಳಿಗೆ ಬೇಕಾದ ವಸ್ತು ಇದು. ಅಂಟು, ಬಣ್ಣ, ಥಿನ್ನರ್, ಫಾರ್ಮಾಲಿನ್ ತಯಾರಿಕೆಗೆ ಬಳಸುತ್ತಾರೆ. ಕುಡಿಯಲು ಅಲ್ಲ.

ಕುಡಿದಾಗ ಏನಾಗುತ್ತದೆ? ನಮ್ಮ ಲಿವರ್‌ನಲ್ಲಿರುವ ಒಂದೇ ಕಿಣ್ವ ಎರಡನ್ನೂ ಒಡೆಯುತ್ತದೆ. ಎಥನಾಲ್ ಒಡೆದು ಕೊನೆಗೆ ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವಾಗುತ್ತದೆ. ಅದನ್ನು ದೇಹ ಬಳಸಿಕೊಳ್ಳುತ್ತದೆ. ಮೆಥನಾಲ್ ಒಡೆದರೆ ಮೊದಲು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲ. ಈ ಫಾರ್ಮಿಕ್ ಆಮ್ಲವೇ ಕೊಲೆಗಾರ. ಜೀವಕೋಶಗಳು ಆಮ್ಲಜನಕ ಬಳಸಿ ಶಕ್ತಿ ಮಾಡಿಕೊಳ್ಳುವ ಕೆಲಸವನ್ನೇ ಅದು ತಡೆಯುತ್ತದೆ. ಕಣ್ಣಿನ ನರಕ್ಕೆ ಪೆಟ್ಟು ಬೇಗ ಬೀಳುತ್ತದೆ. ರಕ್ತ ಆಮ್ಲೀಯವಾಗುತ್ತಾ ಹೋಗುತ್ತದೆ.

ಸುಮಾರು 10 ಎಂಎಲ್ ಶುದ್ಧ ಮೆಥನಾಲ್ ಕಣ್ಣು ಕಳೆಯಬಹುದು, 30 ಎಂಎಲ್ ಜೀವ ತೆಗೆಯಬಹುದು. ಒಂದು ಕ್ವಾರ್ಟರ್ ಅಂದರೆ 180 ಎಂಎಲ್. ಅದರಲ್ಲಿ ನೂರಕ್ಕೆ ಆರು ಪಾಲು ಮೆಥನಾಲ್ ಬೆರೆತಿದ್ದರೂ 10 ಎಂಎಲ್ ದಾಟಿತು.

ಇದರಲ್ಲಿ ನನಗೆ ತುಂಬಾ ಭಯ ಹುಟ್ಟಿಸುವುದು ಪ್ರಮಾಣಕ್ಕಿಂತ ಸಮಯ. ಮೆಥನಾಲ್ ಕುಡಿದ ಕೂಡಲೇ ಏನೂ ಆಗುವುದಿಲ್ಲ. ಸಾಮಾನ್ಯ ಅಮಲಿನ ಹಾಗೇ ಇರುತ್ತದೆ. ಲಕ್ಷಣ ಕಾಣಿಸಲು ಸಾಮಾನ್ಯವಾಗಿ 12ರಿಂದ 24 ಗಂಟೆ ಬೇಕು. ಜೊತೆಗೆ ಎಥನಾಲ್ ಇದ್ದರೆ ಇನ್ನೂ ತಡ. ಯಾಕೆಂದರೆ ಲಿವರ್ ಮೊದಲು ಎಥನಾಲ್ ಕಡೆ ಗಮನ ಕೊಡುತ್ತದೆ, ಮೆಥನಾಲ್ ಸರದಿಗೆ ಕಾಯುತ್ತದೆ. ಅಷ್ಟರಲ್ಲಿ ಅದೇ ಕ್ಯಾನಿನಿಂದ ಇನ್ನೂ ಹತ್ತಾರು ಜನ ಕುಡಿದಿರುತ್ತಾರೆ. ಒಂದೊಂದು ದುರಂತದಲ್ಲೂ ಸಾವು ಎರಡಂಕಿ, ಮೂರಂಕಿ ಮುಟ್ಟುವುದು ಹೀಗೆ. 2008ರ ಮೇನಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಗಡಿಯ ಎರಡೂ ಬದಿ ಸೇರಿ 150ಕ್ಕೂ ಹೆಚ್ಚು ಜನ ಸತ್ತಾಗಲೂ ಆದದ್ದು ಇದೇ. ರಾಜ್ಯದಲ್ಲಿ ಸಾರಾಯಿ ನಿಷೇಧವಾಗಿ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ.

ಒಂದು ತಪ್ಪು ತಿಳುವಳಿಕೆಯನ್ನು ಇಲ್ಲೇ ಸರಿಮಾಡಿಬಿಡೋಣ. ಬೆಲ್ಲದ ಕೊಳೆ ಕೆಟ್ಟು ಹೋಗಿ ತಾನೇ ಮೆಥನಾಲ್ ಆಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ. ಕೊಳೆಯುವಾಗ ಮೆಥನಾಲ್ ಹುಟ್ಟುವುದು ಮುಖ್ಯವಾಗಿ ಹಣ್ಣಿನಲ್ಲಿರುವ ಪೆಕ್ಟಿನ್ ಎಂಬ ಅಂಟಿನಿಂದ. ಬೆಲ್ಲ, ಕಾಕಂಬಿಯಲ್ಲಿ ಅದು ತೀರಾ ಕಡಿಮೆ. ಸಾಮೂಹಿಕ ಸಾವುಗಳ ಹಿಂದೆ ಇರುವುದು ಬೇರೆ ಕಥೆ. ಕಾರ್ಖಾನೆಗೆ ಹೋಗಬೇಕಾದ ಮೆಥನಾಲ್ ಕದ್ದು ಬರುತ್ತದೆ. ಅಗ್ಗ ಅಂತಲೋ, ಕಿಕ್ ಜಾಸ್ತಿ ಬರಲಿ ಅಂತಲೋ ಅದನ್ನು ಸುರಿಯುತ್ತಾರೆ. ಹಾಗಾಗಿ ವಿಷ ಯಾವ ಬ್ಯಾಚಿನಲ್ಲಿ, ಯಾವ ಕ್ಯಾನಿನಲ್ಲಿ ಬರುತ್ತದೆ ಅಂತ ಹೇಳಲಾಗದು. ನೆನ್ನೆ ಕುಡಿದು ಏನೂ ಆಗಲಿಲ್ಲ ಅನ್ನುವುದು ಇವತ್ತಿಗೆ ಗ್ಯಾರಂಟಿ ಅಲ್ಲ.

ಮೂಗು, ಬೆಂಕಿ, ಮೀಟರ್: ಯಾವುದೂ ಯಾಕೆ ಸಾಲದು

ವಾಸನೆ ನೋಡಿ ಹೇಳುತ್ತೇವೆ ಅನ್ನುವವರಿದ್ದಾರೆ. ಎಥನಾಲ್, ಮೆಥನಾಲ್ ಎರಡರ ವಾಸನೆಯೂ ಹತ್ತಿರ ಹತ್ತಿರ. ಬೆರೆಸಿದ ಮೇಲಂತೂ ಬೇರೆ ಮಾಡಲು ಆಗುವುದೇ ಇಲ್ಲ. ರುಚಿಯೂ ಅಷ್ಟೇ.

ಬೆಂಕಿ ಹಚ್ಚಿ ನೋಡುವ ಪದ್ಧತಿಯೂ ಇದೆ. ನೀಲಿ ಉರಿ ಬಂದರೆ ಒಳ್ಳೆ ಮಾಲು ಅನ್ನುತ್ತಾರೆ. ಮೆಥನಾಲ್ ಕೂಡ ಮಂಕು ನೀಲಿಯಾಗಿಯೇ ಉರಿಯುತ್ತದೆ. ಈ ಪರೀಕ್ಷೆಯನ್ನು ನಂಬಿ ಕುಡಿಯುವುದು ಪರೀಕ್ಷೆ ಮಾಡದೆ ಕುಡಿಯುವುದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದು ಸುಳ್ಳು ಧೈರ್ಯ ಕೊಡುತ್ತದೆ.

ಹೈಡ್ರೋಮೀಟರ್ ಅಂತ ಒಂದಿದೆ. ದ್ರವದಲ್ಲಿ ತೇಲಿಬಿಡುವ ಗಾಜಿನ ಕಡ್ಡಿ. ಎಷ್ಟು ಮುಳುಗಿತು ಎಂಬುದನ್ನು ನೋಡಿ ಆಲ್ಕೋಹಾಲ್ ಎಷ್ಟಿದೆ ಅಂತ ಲೆಕ್ಕ ಹಾಕುತ್ತಾರೆ. ನೀರು ಬೆರೆಸಿದ್ದರೆ ಇದು ಚೆನ್ನಾಗಿ ಹಿಡಿಯುತ್ತದೆ. ಆದರೆ 20 ಡಿಗ್ರಿ ಉಷ್ಣತೆಯಲ್ಲಿ ಒಂದು ಎಂಎಲ್ ಎಥನಾಲ್ ತೂಗುವುದು 0.789 ಗ್ರಾಂ, ಮೆಥನಾಲ್ 0.792 ಗ್ರಾಂ. ವ್ಯತ್ಯಾಸ ಇಲ್ಲವೇ ಇಲ್ಲ ಅನ್ನುವಷ್ಟು. ಬಾಟಲಿಯ ಮೇಲೆ ಬರೆದ 42.8 ಶೇಕಡಾವನ್ನೇ ಮೀಟರ್ ತೋರಿಸಬಹುದು. ಅದರಲ್ಲಿ ಎಷ್ಟು ಯಾವುದು ಅಂತ ಅದು ಹೇಳಲಾರದು.

ದೊಡ್ಡ ಲ್ಯಾಬ್ ಮಾಡುವುದೇನು

ಖಚಿತವಾಗಿ ಹೇಳುವ ಯಂತ್ರ ಗ್ಯಾಸ್ ಕ್ರೊಮ್ಯಾಟೋಗ್ರಾಫ್. ಮಾದರಿಯ ಒಂದು ಚೂರನ್ನು ಆವಿ ಮಾಡಿ, ತುಂಬಾ ಉದ್ದದ, ತೆಳುವಾದ ಕೊಳವೆಯೊಳಗೆ ಅನಿಲದ ಜೊತೆ ತಳ್ಳುತ್ತಾರೆ. ಕೊಳವೆಯ ಒಳಗೋಡೆಗೆ ಒಂದು ಲೇಪ ಇರುತ್ತದೆ.

ದುಗ್ಗಮ್ಮನ ಜಾತ್ರೆ ನೆನಪು ಮಾಡಿಕೊಳ್ಳಿ. ಒಂದೇ ಬಾಗಿಲಲ್ಲಿ ಒಟ್ಟಿಗೆ ಒಳಗೆ ಹೋದವರು ಆ ಕಡೆ ಒಟ್ಟಿಗೆ ಹೊರಗೆ ಬರುವುದಿಲ್ಲ. ಬಳೆ ಅಂಗಡಿ, ಬೆಂಡು ಬತ್ತಾಸು ಅಂಗಡಿ ಅಂತ ನಿಂತು ನಿಂತು ಹೋಗುವವರು ತಡವಾಗಿ ಬರುತ್ತಾರೆ. ಯಾವ ಅಂಗಡಿಯ ಮುಂದೆಯೂ ಹೆಚ್ಚು ನಿಲ್ಲದವರು ಬೇಗ ಬರುತ್ತಾರೆ. ಅಣುಗಳೂ ಹಾಗೇ. ಲೇಪಕ್ಕೆ ಹೆಚ್ಚು ಅಂಟಿಕೊಳ್ಳುವುದು ತಡವಾಗಿ ತುದಿ ಮುಟ್ಟುತ್ತದೆ, ಕಡಿಮೆ ಅಂಟಿಕೊಳ್ಳುವುದು ಬೇಗ. ಮೆಥನಾಲ್ ಮೊದಲು ಬರುತ್ತದೆ, ಎಥನಾಲ್ ಹಿಂದೆ. ತುದಿಯಲ್ಲಿರುವ ಸೆನ್ಸರ್ ಯಾವುದು ಯಾವಾಗ ಎಷ್ಟು ಬಂತು ಎಂದು ಬರೆದುಕೊಳ್ಳುತ್ತದೆ.

ಯಂತ್ರ ಅದ್ಭುತ. ಆದರೆ ಅದಕ್ಕೆ ಎಸಿ ರೂಮು ಬೇಕು, ಅನಿಲದ ಸಿಲಿಂಡರ್ ಬೇಕು, ಕಲಿತ ಕೈ ಬೇಕು. ಮೊಳಕಾಲ್ಮೂರಿನ ಒಂದು ಹಟ್ಟಿಯಲ್ಲಿ ಸಿಕ್ಕ ಬಾಟಲಿ ಅಲ್ಲಿಗೆ ತಲುಪಬೇಕು. ಕಾನೂನಿನ ಪ್ರಕಾರ ಮದ್ಯವೂ ಆಹಾರವೇ. 2006ರ ಆಹಾರ ಸುರಕ್ಷತಾ ಕಾಯ್ದೆ ಅದನ್ನು ಆಹಾರದ ಪಟ್ಟಿಯಲ್ಲಿಟ್ಟಿದೆ. ಈ ಕಾಯ್ದೆಯಡಿ ಮಾದರಿಯನ್ನು ನಾಲ್ಕು ಭಾಗ ಮಾಡಿ ಸೀಲ್ ಹಾಕಬೇಕು. ವರದಿ ಕೊಡಲು ವಿಶ್ಲೇಷಕರಿಗೆ 14 ದಿನಗಳ ಅವಕಾಶ ಇದೆ. ಕೋರ್ಟಿನಲ್ಲಿ ನಿಲ್ಲುವ ಸಾಕ್ಷ್ಯಕ್ಕೆ ಈ ಎಚ್ಚರಿಕೆ ಬೇಕೇ ಬೇಕು. ಆದರೆ ವಿಷ ಕೇಳುವುದು 12ರಿಂದ 24 ಗಂಟೆ. ಈ ಎರಡು ಗಡಿಯಾರಗಳ ನಡುವಿನ ಅಂತರವನ್ನು ತುಂಬಲು ಏನಾದರೂ ಬೇಕು. ಚಿಪ್ ಬರುವುದು ಆ ಜಾಗಕ್ಕೆ.

ಮೈಕ್ರೋಫ್ಲೂಯಿಡಿಕ್ ಅಂದರೆ

ತುಂಬಾ ಸಣ್ಣ ಕಾಲುವೆಗಳಲ್ಲಿ ದ್ರವ ಹರಿಸಿ ಕೆಲಸ ಮಾಡಿಸಿಕೊಳ್ಳುವ ವಿದ್ಯೆ. ಎಷ್ಟು ಸಣ್ಣ? ಮೈಕ್ರಾನ್ ಅನ್ನುವ ಅಳತೆ ನಮಗೆ ಪ್ಲಾಸ್ಟಿಕ್ ಕವರ್‌ಗಳಿಂದ ಗೊತ್ತು. 120 ಮೈಕ್ರಾನ್‌ಗಿಂತ ತೆಳುವಾದ ಕ್ಯಾರಿ ಬ್ಯಾಗ್ ಮಾರಬಾರದು ಎಂಬ ನಿಯಮ ಇದೆಯಲ್ಲ, ಆ ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಚಿಪ್‌ನ ಕಾಲುವೆಗಳ ಅಗಲ ಸಾಮಾನ್ಯವಾಗಿ ಹತ್ತಾರು ಮೈಕ್ರಾನ್‌ನಿಂದ ಕೆಲವು ನೂರು ಮೈಕ್ರಾನ್. ನಮ್ಮ ತಲೆಕೂದಲಿನ ದಪ್ಪವೂ ಸುಮಾರು 50ರಿಂದ 100 ಮೈಕ್ರಾನ್.

ಲೆಕ್ಕ ಹಾಕಿ ನೋಡೋಣ. 100 ಮೈಕ್ರಾನ್ ಅಗಲ, 100 ಮೈಕ್ರಾನ್ ಆಳ, ಒಂದು ಸೆಂಟಿಮೀಟರ್ ಉದ್ದದ ಕಾಲುವೆಯಲ್ಲಿ ಹಿಡಿಸುವುದು ಒಂದು ಎಂಎಲ್‌ನ ಹತ್ತು ಸಾವಿರದಲ್ಲಿ ಒಂದು ಪಾಲು. ಆಸ್ಪತ್ರೆಯ ಡ್ರಿಪ್‌ನಲ್ಲಿ 20 ಹನಿಗೆ ಒಂದು ಎಂಎಲ್ ಅನ್ನುತ್ತಾರೆ. ಅಂಥ ಒಂದೇ ಹನಿಯಿಂದ ಈ ಕಾಲುವೆಯನ್ನು 500 ಸಲ ತುಂಬಬಹುದು.

ಇದೇನು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆ ಅಲ್ಲ. 1979ರಲ್ಲೇ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಸಿಲಿಕಾನ್ ಬಿಲ್ಲೆಯ ಮೇಲೆ ಇಡೀ ಗ್ಯಾಸ್ ಕ್ರೊಮ್ಯಾಟೋಗ್ರಾಫನ್ನೇ ಕೆತ್ತಿದ್ದರು. 1990ರಲ್ಲಿ ಆಂಡ್ರಿಯಾಸ್ ಮಾನ್ಸ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಪೂರ್ತಿ ಲ್ಯಾಬನ್ನೇ ಚಿಪ್‌ಗೆ ಇಳಿಸುವ ಯೋಚನೆಯನ್ನು ಮುಂದಿಟ್ಟರು. ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ತಂಡ 1990ರ ದಶಕದಲ್ಲಿ ಮೆತ್ತನೆಯ ಸಿಲಿಕೋನ್ ರಬ್ಬರಿನಲ್ಲಿ ಅಚ್ಚು ತೆಗೆಯುವ ಸುಲಭ ದಾರಿ ತೋರಿಸಿತು. ಅದೇ ತಂಡ 2007ರಲ್ಲಿ ಬರೀ ಕಾಗದದ ಮೇಲೆ ಕಾಲುವೆ ಬರೆಯಿತು.

ನನ್ನ ಮಟ್ಟಿಗೆ ನಮ್ಮಂಥ ಜಿಲ್ಲೆಗಳಿಗೆ ಈ ಕಾಗದದ ಹೆಜ್ಜೆಯೇ ದೊಡ್ಡದು. ಸೋಸುವ ಕಾಗದದ ಮೇಲೆ ಮೇಣದಿಂದ ಗೆರೆ ಮುದ್ರಿಸಿ ಬಿಸಿ ಮಾಡುತ್ತಾರೆ. ಮೇಣ ಕರಗಿ ಕಾಗದದ ಆಳಕ್ಕೆ ಇಳಿದು ಗೋಡೆಯಾಗುತ್ತದೆ. ಎರಡು ಗೋಡೆಗಳ ನಡುವಿನ ಕಾಗದವೇ ಕಾಲುವೆ. ಹನಿ ಬಿಟ್ಟರೆ ಕಾಗದ ತಾನೇ ಹೀರಿಕೊಂಡು ಮುಂದೆ ಸಾಗಿಸುತ್ತದೆ. ಪಂಪು ಬೇಡ, ಕರೆಂಟು ಬೇಡ.

ಸಣ್ಣದಾದರೆ ಬೇಗ ಯಾಕೆ?

ಎರಡು ದ್ರವ ಸೇರಿದರೆ ತಾನೇ ರಾಸಾಯನಿಕ ಕ್ರಿಯೆ? ದೊಡ್ಡ ಪಾತ್ರೆಯಲ್ಲಿ ನಾವು ಕಲಕುತ್ತೇವೆ. ಕಲಕದೇ ಬಿಟ್ಟರೆ ಅಣುಗಳು ತಾವಾಗಿ ಹರಡಿಕೊಳ್ಳಬೇಕು. ಇದಕ್ಕೆ ವಿಸರಣೆ ಎನ್ನುತ್ತಾರೆ. ವಿಸರಣೆಗೆ ಒಂದು ವಿಚಿತ್ರ ಲೆಕ್ಕ ಇದೆ. ದೂರ ಹತ್ತು ಪಟ್ಟು ಕಡಿಮೆಯಾದರೆ ಸಮಯ ನೂರು ಪಟ್ಟು ಕಡಿಮೆಯಾಗುತ್ತದೆ.

ನೀರಿನಲ್ಲಿ ಸಣ್ಣ ಅಣುವೊಂದು ಒಂದು ಸೆಂಟಿಮೀಟರ್ ದೂರ ತಾನಾಗಿ ಹರಡಲು ಹೆಚ್ಚುಕಮ್ಮಿ 14 ಗಂಟೆ ಬೇಕು. ನೂರು ಮೈಕ್ರಾನ್ ದೂರಕ್ಕೆ ಸುಮಾರು 5 ಸೆಕೆಂಡು. ಹತ್ತು ಮೈಕ್ರಾನ್‌ಗೆ ಕಣ್ಣು ಮಿಟುಕಿಸುವಷ್ಟೂ ಇಲ್ಲ. ಚಿಪ್‌ನ ವೇಗದ ಗುಟ್ಟು ಬಹುಪಾಲು ಇದೇ. ಯಾವ ಹೊಸ ರಸಾಯನಶಾಸ್ತ್ರವೂ ಅಲ್ಲ, ಬರೀ ದೂರ ಕಡಿಮೆ ಮಾಡಿದ್ದು.

ಇದರ ಜೊತೆಗೇ ಇನ್ನೊಂದು ಗುಣ ಇದೆ. ಇಷ್ಟು ಸಣ್ಣ ಕಾಲುವೆಯಲ್ಲಿ ದ್ರವ ಸುಳಿ ತಿರುಗುವುದಿಲ್ಲ. ಎರಡು ದ್ರವ ಪಕ್ಕಪಕ್ಕದಲ್ಲಿ ಪದರ ಪದರವಾಗಿ, ಗಲಾಟೆ ಇಲ್ಲದೆ ಹರಿಯುತ್ತವೆ. ಹಾಗಾಗಿ ಎಲ್ಲಿ ಸೇರಬೇಕು, ಎಷ್ಟು ಹೊತ್ತು ಸೇರಿರಬೇಕು ಅನ್ನುವುದು ಮೊದಲೇ ನಿಗದಿ. ಪ್ರತಿ ಸಲವೂ ಒಂದೇ ರೀತಿ. ಬೇಗ ಬೆರೆಸಬೇಕಾದ ಕಡೆ ಕಾಲುವೆಯನ್ನು ಹಾವಿನಂತೆ ಬಳುಕಿಸುತ್ತಾರೆ, ಇಲ್ಲವೇ ತಳದಲ್ಲಿ ಓರೆ ಗೀರುಗಳನ್ನು ಕೊರೆಯುತ್ತಾರೆ.

ಪರೀಕ್ಷೆಗೆ ಬಳಸುವ ರಾಸಾಯನಿಕದ ಖರ್ಚೂ ಕಡಿಮೆ. ಒಂದು ಎಂಎಲ್ ಸುರಿಯುವ ಜಾಗದಲ್ಲಿ ಒಂದು ಹನಿ ಸಾಕು. ಸಲ್ಫ್ಯೂರಿಕ್ ಆಮ್ಲದಂಥ ಅಪಾಯದ ವಸ್ತು ಬಳಸುವಾಗ ಇದು ಸಣ್ಣ ವಿಷಯವಲ್ಲ.

ಚಿಪ್‌ನೊಳಗೆ ಮೆಥನಾಲ್ ಸಿಕ್ಕಿಬೀಳುವ ಬಗೆ

ದಾರಿಗಳು ಹಲವು. ಹೆಚ್ಚು ಬಳಕೆಯಲ್ಲಿರುವುದು ಬಣ್ಣದ ದಾರಿ. ಇದರ ಹಿಂದಿನ ರಸಾಯನಶಾಸ್ತ್ರ ಹಳೆಯದು, ಲ್ಯಾಬ್‌ಗಳಲ್ಲಿ ದಶಕಗಳಿಂದ ಇದೆ. ಬಾವಿಗೆ ಹಾಕುವ ನೇರಳೆ ಹರಳು, ಅಂದರೆ ಪೊಟ್ಯಾಸಿಯಂ ಪರ್ಮಾಂಗನೇಟ್, ಮೆಥನಾಲನ್ನು ಫಾರ್ಮಾಲ್ಡಿಹೈಡ್ ಆಗಿ ಬದಲಿಸುತ್ತದೆ. ಉಳಿದ ಪರ್ಮಾಂಗನೇಟ್ ಬಣ್ಣವನ್ನು ಇನ್ನೊಂದು ರಾಸಾಯನಿಕದಿಂದ ತೆಗೆಯುತ್ತಾರೆ. ಆಮೇಲೆ ಕ್ರೊಮೋಟ್ರೊಪಿಕ್ ಆಮ್ಲವನ್ನು ಗಟ್ಟಿ ಸಲ್ಫ್ಯೂರಿಕ್ ಆಮ್ಲದ ಜೊತೆ ಸೇರಿಸಿದರೆ ನೇರಳೆ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಮೆಥನಾಲ್ ಜಾಸ್ತಿ. ಎಥನಾಲ್‌ನಿಂದ ಹುಟ್ಟುವುದು ಅಸಿಟಾಲ್ಡಿಹೈಡ್. ಅದು ಈ ನೇರಳೆಯನ್ನು ಕೊಡುವುದಿಲ್ಲ. ಎರಡನ್ನೂ ಬೇರೆ ಮಾಡುವ ಗಂಟು ಬಿಚ್ಚುವುದು ಇಲ್ಲಿ.

ಕಿಣ್ವ ಬಳಸುವುದು ಇನ್ನೊಂದು ದಾರಿ. ಆಲ್ಕೋಹಾಲ್ ಆಕ್ಸಿಡೇಸ್ ಎಂಬ ಕಿಣ್ವ ಆಲ್ಕೋಹಾಲನ್ನು ಒಡೆದಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅದು ಇನ್ನೊಂದು ಕಿಣ್ವದ ಸಹಾಯದಿಂದ ಬಣ್ಣ ತರುತ್ತದೆ. ನೋಡಲು ಚೆಂದ, ಕೆಲಸ ಬೇಗ. ಆದರೆ ಈ ಕಿಣ್ವ ಎಥನಾಲ್, ಮೆಥನಾಲ್ ಎರಡನ್ನೂ ಒಡೆಯುತ್ತದೆ. ಹಾಗಾಗಿ ಒಟ್ಟು ಆಲ್ಕೋಹಾಲ್ ಎಷ್ಟು ಎಂದು ನೋಡಲು ಸರಿ, ವಿಷ ಪತ್ತೆಗೆ ಇದೊಂದೇ ಸಾಲದು. ಮದ್ಯ ಪರೀಕ್ಷೆಯ ಕಿಟ್ ಅಂತ ಯಾರಾದರೂ ಮಾರಲು ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು: ಎಥನಾಲ್ ತುಂಬಿದ ದ್ರವದಲ್ಲಿ ನೂರಕ್ಕೆ ಒಂದೆರಡು ಪಾಲು ಮೆಥನಾಲನ್ನು ಇದು ಬೇರೆ ಮಾಡಿ ತೋರಿಸುತ್ತದೆಯೇ?

ಮೂರನೆಯದು, ಮೊದಲು ಬಟ್ಟಿ ಇಳಿಸಿ ಆಮೇಲೆ ನೋಡುವುದು. ರಮ್, ವಿಸ್ಕಿಗೆ ತಮ್ಮದೇ ಕಂದು ಬಣ್ಣ ಇದೆ. ಅದರ ಮೇಲೆ ನೇರಳೆ ಓದುವುದು ಕಷ್ಟ. ತೈವಾನಿನ ಸಂಶೋಧಕರು 2016ರಲ್ಲಿ ಪುಟ್ಟ ಬಟ್ಟಿಯನ್ನೇ ಚಿಪ್‌ನಲ್ಲಿ ಮಾಡಿ ತೋರಿಸಿದರು. ಮಾದರಿ ಬಿಸಿಯಾಗುತ್ತದೆ, ಆವಿ ಏಳುತ್ತದೆ, ತಣ್ಣಗಾಗಿ ಇನ್ನೊಂದು ಗುಳಿಗೆ ಇಳಿಯುತ್ತದೆ. ಬಣ್ಣ, ಸಕ್ಕರೆ ಎಲ್ಲ ಹಿಂದೆಯೇ ಉಳಿಯುತ್ತವೆ. ತಿಳಿಯಾದ ದ್ರವದ ಮೇಲೆ ಬಣ್ಣದ ಪರೀಕ್ಷೆ ಸುಲಭ.

ನಾಲ್ಕನೆಯದು ಆವಿಯ ದಾರಿ. ಸ್ವಿಟ್ಜರ್ಲೆಂಡಿನ ಇಟಿಎಚ್ ಜೂರಿಕ್ ಸಂಸ್ಥೆಯವರು 2019ರಲ್ಲಿ ಕೈಯಲ್ಲಿ ಹಿಡಿಯುವ ಉಪಕರಣ ಮಾಡಿದರು. ಇದರಲ್ಲಿ ಹರಿಯುವುದು ಮದ್ಯವಲ್ಲ, ಮದ್ಯದ ಮೇಲೆ ಏಳುವ ಆವಿ. ಟೆನಾಕ್ಸ್ ಎಂಬ ಪಾಲಿಮರ್ ಪುಡಿ ತುಂಬಿದ ಸಣ್ಣ ಕೊಳವೆಯೊಳಗೆ ಆವಿ ಹಾದು ಹೋಗುತ್ತದೆ. ಮೆಥನಾಲ್ ಮುಂದೆ, ಎಥನಾಲ್ ಹಿಂದೆ. ಅದೇ ಜಾತ್ರೆಯ ನಡೆ, ಬೀದಿ ಮಾತ್ರ ಗೇಣುದ್ದಕ್ಕಿಂತ ಚಿಕ್ಕದು. ತುದಿಯ ಸೆನ್ಸರ್ ಎರಡು ನಿಮಿಷದಲ್ಲಿ ಉತ್ತರ ಕೊಡುತ್ತದೆ. ಕಾಲುವೆಗಿಂತ ಕೊಳವೆಯ ಉಪಕರಣ ಇದು, ಆದರೂ ಯೋಚನೆ ಒಂದೇ.

ಬಣ್ಣವನ್ನು ಓದುವುದು ಯಾರು? ಮೊಬೈಲ್ ಕ್ಯಾಮೆರಾ. ಕಣ್ಣಿಗೆ ತಿಳಿಯದ ಛಾಯೆಯ ವ್ಯತ್ಯಾಸವನ್ನು ಅದು ಅಂಕಿಗಳಲ್ಲಿ ಬರೆಯುತ್ತದೆ. ಟ್ಯೂಬ್‌ಲೈಟ್ ಕೆಳಗೆ ಒಂದು ಥರ, ಬಿಸಿಲಲ್ಲಿ ಇನ್ನೊಂದು ಥರ ಕಾಣಬಾರದಲ್ಲ? ಅದಕ್ಕೆ ಚಿಪ್ ಮೇಲೆಯೇ ಪ್ರಮಾಣ ಗೊತ್ತಿರುವ ಬಣ್ಣದ ಚುಕ್ಕೆಗಳನ್ನು ಹೋಲಿಕೆಗೆ ಇಟ್ಟಿರುತ್ತಾರೆ.

ಗುಣಮಟ್ಟ ಅಂದರೆ ಮೆಥನಾಲ್ ಒಂದೇ ಅಲ್ಲ

ಬಾಟಲಿಗೆ ನೀರು ಬೆರೆಸುವುದು, ವೈನ್‌ಗೆ ಗಂಧಕದ ಡೈಆಕ್ಸೈಡ್ ಹೆಚ್ಚು ಹಾಕುವುದು, ಭಟ್ಟಿಯ ಪಾತ್ರೆ, ಪೈಪುಗಳಿಂದ ಸೀಸ ಇಳಿಯುವುದು, ಸೇಂದಿಗೆ ಕ್ಲೋರಲ್ ಹೈಡ್ರೇಟ್ ಬೆರೆಸುವುದು, ಎಲ್ಲವೂ ಗುಣಮಟ್ಟದ ಪ್ರಶ್ನೆಗಳೇ. ಇವುಗಳಲ್ಲಿ ಹಲವಕ್ಕೆ ಬೇರೆ ಬೇರೆ ಚಿಪ್‌ಗಳ ಪ್ರಯೋಗ ನಡೆದಿದೆ. ವಿದ್ಯುತ್ ಒತ್ತಡ ಕೊಟ್ಟು ಅಣುಗಳನ್ನು ಬೇರ್ಪಡಿಸುವ ಚಿಪ್‌ಗಳು ವೈನ್‌ನ ಆಮ್ಲಗಳನ್ನು ಅಳೆಯುತ್ತವೆ. ಆದರೆ ಒಂದು ಚಿಪ್ ಸಾಮಾನ್ಯವಾಗಿ ಒಂದೇ ಪ್ರಶ್ನೆಗೆ ಉತ್ತರಿಸುತ್ತದೆ. ಮೆಥನಾಲ್ ಇಲ್ಲ ಅಂದರೆ ಮೆಥನಾಲ್ ಇಲ್ಲ ಎಂದಷ್ಟೇ ಅರ್ಥ. ಕುಡಿಯಲು ಯೋಗ್ಯ ಅಂತ ಅಲ್ಲ.

ಇನ್ನೊಂದು ಮಾತು. ಒಳ್ಳೆಯ ಮದ್ಯದಲ್ಲೂ ಮೆಥನಾಲ್ ಸೊನ್ನೆ ಇರುವುದಿಲ್ಲ. ಯುರೋಪಿನ ನಿಯಮದಲ್ಲಿ 100 ಲೀಟರ್ ಶುದ್ಧ ಆಲ್ಕೋಹಾಲ್‌ಗೆ ವೋಡ್ಕಾದಲ್ಲಿ 10 ಗ್ರಾಂ, ಹಣ್ಣಿನಿಂದ ಇಳಿಸಿದ ಮದ್ಯದಲ್ಲಿ 1,000 ಗ್ರಾಂವರೆಗೆ ಮೆಥನಾಲ್ ಇರಬಹುದು. ನೂರು ಪಟ್ಟು ವ್ಯತ್ಯಾಸ. ಹಾಗಾಗಿ ಚಿಪ್ ಇದೆ ಅಥವಾ ಇಲ್ಲ ಅಂದರೆ ಸಾಲದು, ಎಷ್ಟು ಅಂತ ಹೇಳಬೇಕು. ಪುಣ್ಯಕ್ಕೆ ಕೊಲ್ಲುವ ಪ್ರಮಾಣ ಇದಕ್ಕಿಂತ ಬಹಳ ಮೇಲೆ ಇರುತ್ತದೆ. ಆ ಹಂತವನ್ನು ಸಾಧಾರಣ ಚಿಪ್ ಕೂಡ ಹಿಡಿಯಬಲ್ಲದು.

ನಮ್ಮ ಬಿಸಿಲಿಗೆ ತಡೆಯಬೇಕು

ಲ್ಯಾಬಿನಲ್ಲಿ ಕೆಲಸ ಮಾಡಿದ್ದು ಏಪ್ರಿಲ್ ತಿಂಗಳ ಚಳ್ಳಕೆರೆಯಲ್ಲೂ ಮಾಡುತ್ತದೆಯೇ? ಕಿಣ್ವಗಳು ಬಿಸಿಲಿಗೆ ಸುಸ್ತಾಗುತ್ತವೆ. ಪೊಲೀಸ್ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಒಂದು ಮಧ್ಯಾಹ್ನ ಇಟ್ಟ ಸ್ಟ್ರಿಪ್ ಸಂಜೆಗೆ ತಪ್ಪು ಉತ್ತರ ಕೊಡಬಹುದು. ಒಣಗಿಸಿ, ಗಾಳಿ ಆಡದ ಪೊಟ್ಟಣದಲ್ಲಿ ಇಡುವುದು ಒಂದು ಉಪಾಯ. ಕಿಣ್ವವೇ ಬೇಡವೆಂದು ಬರೀ ರಾಸಾಯನಿಕ ಬಳಸುವುದು ಇನ್ನೊಂದು.

ಹನಿ ಎಷ್ಟು ಸಣ್ಣದೋ ಅಷ್ಟು ಬೇಗ ಆರುತ್ತದೆ. ಅದರಲ್ಲೂ ಆಲ್ಕೋಹಾಲ್ ನೀರಿಗಿಂತ ಮುಂಚೆ ಹಾರಿಹೋಗುತ್ತದೆ. ತೆರೆದ ಕಾಗದದ ಮೇಲೆ ಮಾಡಿದರೆ ಅಳೆಯಬೇಕಾದದ್ದೇ ಗಾಳಿಗೆ ಹೋದಂತೆ. ಅದಕ್ಕೇ ಚಿಪ್‌ಗೆ ಮುಚ್ಚಳ ಬೇಕು.

ಕಾಗದದ ಚಿಪ್‌ಗೆ ಇನ್ನೊಂದು ತೊಡಕು ಇದೆ. ನೀರಿನ ಮೇಲ್ಮೈ ಸೆಳೆತ ಜಾಸ್ತಿ, ಎಥನಾಲ್‌ನದು ಅದರ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ನೀರು ಮೇಣದ ಗೋಡೆ ಕಂಡರೆ ನಿಲ್ಲುತ್ತದೆ. ಗಟ್ಟಿ ಮದ್ಯ ಆ ಗೋಡೆಯನ್ನೇ ದಾಟಿ ಪಕ್ಕಕ್ಕೆ ಸೋರಬಹುದು. ಹಾಗಾಗಿ ವಿಸ್ಕಿಯನ್ನು ನೇರವಾಗಿ ಬಿಡದೆ ಮೊದಲು ನೀರಿನಲ್ಲಿ ತೆಳು ಮಾಡಬೇಕಾಗುತ್ತದೆ. ತೆಳು ಮಾಡಿದರೆ ಮೆಥನಾಲ್ ಕೂಡ ತೆಳುವಾಗುತ್ತದೆ, ಚಿಪ್ ಇನ್ನೂ ಸೂಕ್ಷ್ಮವಾಗಿರಬೇಕಾಗುತ್ತದೆ. ಸಂಶೋಧಕರು ಹೆಚ್ಚು ಬೆವರು ಸುರಿಸುವುದು ಇಂಥ ಕಡೆಗಳಲ್ಲೇ. ಸುದ್ದಿಯಲ್ಲಿ ಬರುವುದು ಮಾತ್ರ ಎರಡು ನಿಮಿಷದಲ್ಲಿ ಫಲಿತಾಂಶ ಎಂಬ ಒಂದೇ ಸಾಲು.

ಚಿಪ್ ಪಾಸಿಟಿವ್ ಅಂದರೆ ವಿಷ ಖಚಿತವೇ?

ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳಿ. ಸಾವಿರ ಬಾಟಲಿಗಳಲ್ಲಿ ಐದರಲ್ಲಿ ವಿಷ ಇದೆ. ಚಿಪ್ ವಿಷದ ಬಾಟಲಿಗಳನ್ನು ಹೆಚ್ಚುಕಮ್ಮಿ ಎಲ್ಲವನ್ನೂ ಹಿಡಿಯುತ್ತದೆ. ಆದರೆ ಒಳ್ಳೆಯ ನೂರು ಬಾಟಲಿಗಳಲ್ಲಿ ಎರಡನ್ನು ತಪ್ಪಾಗಿ ವಿಷ ಎನ್ನುತ್ತದೆ. ಆಗ 995 ಒಳ್ಳೆಯ ಬಾಟಲಿಗಳಲ್ಲಿ ಸುಮಾರು 20ಕ್ಕೆ ಸುಳ್ಳು ಎಚ್ಚರಿಕೆ ಬರುತ್ತದೆ. ಒಟ್ಟು 25 ಪಾಸಿಟಿವ್, ನಿಜವಾದದ್ದು ಐದು.

ಇದನ್ನು ನೋಡಿ ಚಿಪ್ ಕೆಲಸಕ್ಕೆ ಬಾರದು ಅನ್ನಬಾರದು. ಸಾವಿರ ಬಾಟಲಿಯನ್ನೂ ದೊಡ್ಡ ಯಂತ್ರಕ್ಕೆ ಹಾಕಲು ಆಗುತ್ತಿರಲಿಲ್ಲ. 25 ಹಾಕಬಹುದು. ಮೊದಲ ಜರಡಿ ಚಿಪ್‌ನದು, ಕೊನೆಯ ಮಾತು ಲ್ಯಾಬಿನದು. ಅಪಾಯ ಇರುವುದು ಉಲ್ಟಾ ತಪ್ಪಿನಲ್ಲಿ. ವಿಷ ಇದ್ದೂ ಇಲ್ಲ ಅಂದರೆ ಒಂದು ಜೀವ ಹೋಗಬಹುದು. ಹಾಗಾಗಿ ಇಂಥ ಚಿಪ್‌ಗಳನ್ನು ಅನುಮಾನ ಬಂದರೆ ಕೂಗುವ ಕಡೆಗೇ ಸ್ವಲ್ಪ ವಾಲಿಸಿ ಮಾಡುವುದು ಸರಿ.

ಇಲ್ಲಿ ಯಾರ ಕೈಗೆ ಮೊದಲು ಬೇಕು?

ಕುಡಿಯುವವರ ಜೇಬಿಗಲ್ಲ ಅಂತ ನನ್ನ ಅನಿಸಿಕೆ. ಲೈಸೆನ್ಸ್ ಇರುವ ಅಂಗಡಿಗೆ ಮಾಲು ಬರುವುದು ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೋ ಮೂಲಕ. ಅಲ್ಲಿ ಬ್ಯಾಚ್ ನಂಬರ್ ಇದೆ, ಅಬಕಾರಿ ಚೀಟಿ ಇದೆ, ಹಿಂದೆ ಹೋಗಿ ಹುಡುಕುವ ದಾರಿ ಇದೆ. ಆ ದಾರಿಯ ಹೊರಗೆ ಮಾರುವ ಕಳ್ಳಭಟ್ಟಿ, ಸೆಕೆಂಡ್ಸ್ ಮಾಲಿನಲ್ಲಿ ಇದ್ಯಾವುದೂ ಇಲ್ಲ. ಅದನ್ನು ಕೊಳ್ಳುವ ಕೂಲಿಯವರು ಒಂದು ಸ್ಟ್ರಿಪ್‌ಗೆ ಬೇರೆ ದುಡ್ಡು ಕೊಡುತ್ತಾರೆ ಎಂದು ನಂಬಲಾಗದು.

ಚಿಪ್ ಇರಬೇಕಾದದ್ದು ದಾಳಿಗೆ ಹೋಗುವ ಅಬಕಾರಿ ಸಿಬ್ಬಂದಿಯ ಚೀಲದಲ್ಲಿ. ಹಿಡಿದ ಕ್ಯಾನ್‌ನಲ್ಲಿ ಮೆಥನಾಲ್ ಇದೆ ಅಂತ ಅಲ್ಲೇ ತಿಳಿದರೆ ಇದುವರೆಗೆ ಯಾರಿಗೆಲ್ಲ ಮಾರಿದ್ದಾರೆ ಎಂದು ಆ ಕ್ಷಣವೇ ಹುಡುಕಲು ಹೊರಡಬಹುದು. ಊರಲ್ಲಿ ಡಂಗುರ ಸಾರಿಸಬಹುದು. ಇನ್ನೊಂದು ಚಿಪ್ ಇರಬೇಕಾದದ್ದು ತಾಲೂಕು ಆಸ್ಪತ್ರೆಯಲ್ಲಿ. ಹೊಟ್ಟೆನೋವು, ವಾಂತಿ ಅಂತ ಬಂದವರು ಬರೀ ಕುಡಿದು ಬಂದಿದ್ದಾರೋ, ಮೆಥನಾಲ್ ಕುಡಿದಿದ್ದಾರೋ ಎಂದು ಹೊಸದುರ್ಗದಲ್ಲೋ ಜಗಳೂರಿನಲ್ಲೋ ಇರುವ ವೈದ್ಯರಿಗೆ ತಿಳಿಯುವುದು ಕಷ್ಟ. ನಾರ್ವೆಯ ಓಸ್ಲೋದ ವೈದ್ಯರು ಬಾಟಲಿಯ ಬದಲು ರೋಗಿಯ ರಕ್ತದ ಹನಿಯಲ್ಲೇ ಫಾರ್ಮಿಕ್ ಆಮ್ಲ ಪತ್ತೆ ಮಾಡುವ ಪರೀಕ್ಷೆಯ ಮೇಲೆ ಕೆಲಸ ಮಾಡಿದ್ದಾರೆ. ಚಿಕಿತ್ಸೆ ಇದೆ. ಫೊಮೆಪಿಜೋಲ್ ಎಂಬ ಔಷಧ, ಅದು ಸಿಗದಿದ್ದರೆ ವೈದ್ಯರ ಉಸ್ತುವಾರಿಯಲ್ಲಿ ಅಳೆದು ಕೊಡುವ ಎಥನಾಲ್, ಜೊತೆಗೆ ಬೈಕಾರ್ಬನೇಟ್, ಡಯಾಲಿಸಿಸ್. ಎಲ್ಲವೂ ಬೇಗ ಶುರುವಾದರೆ ಮಾತ್ರ ಕಣ್ಣು, ಜೀವ ಉಳಿಯುತ್ತವೆ.

ಇದನ್ನು ಮಾಡುವ ಶಕ್ತಿ ದೂರದಲ್ಲೇನೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಥ ಸೂಕ್ಷ್ಮ ಕೆತ್ತನೆಗೆಂದೇ ನ್ಯಾನೋ ವಿಜ್ಞಾನ ಕೇಂದ್ರ ಇದೆ. ಅದೇ ಸಂಸ್ಥೆಯ ಎರಡನೇ ಕ್ಯಾಂಪಸ್ ಚಳ್ಳಕೆರೆ ತಾಲೂಕಿನ ಕುದಾಪುರದಲ್ಲಿದ್ದು, ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ದಾವಣಗೆರೆಯಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಎರಡೂ ಕಾಲೇಜುಗಳಿವೆ. ಕಾಗದದ ಚಿಪ್‌ಗೆ ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಕಿಲ್ಲ. ನಮ್ಮ ಬಿಸಿಲಿನಲ್ಲಿ, ನಮ್ಮಲ್ಲಿ ಸಿಗುವ ರಮ್ಮಿನ ಮೇಲೆ ಪರೀಕ್ಷಿಸಿ ನೋಡುವ ಕೆಲಸ ಇಲ್ಲೇ ಆಗಬೇಕು.

ಚಿಪ್ ಕೈಗೆ ಬರುವ ತನಕ

ಕುಡಿದ ಮಾರನೇ ದಿನವೂ ತಲೆನೋವು, ವಾಂತಿ, ಹೊಟ್ಟೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಎದುರಿಗೆ ಬಿಳಿ ಪರದೆ ಬಂದಂತಾದರೆ ಹ್ಯಾಂಗೋವರ್ ಅಂತ ಸುಮ್ನೆ ಮಲಗಿಸಬೇಡಿ. 108ಕ್ಕೆ ಫೋನ್ ಮಾಡಿ. ಡಯಾಲಿಸಿಸ್ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಇನ್ನಷ್ಟು ಮದ್ಯ ಕುಡಿಸಿ ಇಳಿಸುವ ಪ್ರಯತ್ನ ಬೇಡವೇ ಬೇಡ. ಆಸ್ಪತ್ರೆಯಲ್ಲಿ ಕೊಡುವ ಎಥನಾಲ್‌ಗೆ ಲೆಕ್ಕ ಇರುತ್ತದೆ.

ವೈದ್ಯರ ಹತ್ತಿರ ಎಷ್ಟು ಹೊತ್ತಿಗೆ ಕುಡಿದರು, ಎಷ್ಟು ಕುಡಿದರು, ಎಲ್ಲಿಂದ ತಂದರು ಅನ್ನುವುದನ್ನು ಮುಚ್ಚಿಡಬೇಡಿ. ಬಾಟಲಿಯೋ, ಪ್ಯಾಕೆಟ್ಟೋ, ಕ್ಯಾನೋ, ಉಳಿದದ್ದನ್ನು ಚೆಲ್ಲದೆ ಬಾಯಿ ಬಿಗಿಯಾಗಿ ಮುಚ್ಚಿ ಜೊತೆಗೇ ಒಯ್ಯಿರಿ. ತಳದಲ್ಲಿ ನಾಲ್ಕು ಹನಿ ಉಳಿದಿದ್ದರೂ ಪರೀಕ್ಷೆಗೆ ಸಾಕು. ಅವರ ಜೊತೆ ಕೂತು ಕುಡಿದವರನ್ನೂ, ತಮಗೇನೂ ಆಗಿಲ್ಲ ಅಂದರೂ, ಅದೇ ಗಾಡಿಯಲ್ಲಿ ಹತ್ತಿಸಿಕೊಳ್ಳಿ.